ಚಾಮುಂಡಿ ಬೆಟ್ಟಕ್ಕೆ ವಿದ್ಯುತ್ ಸೈಕಲ್ಲಿನಲ್ಲಿ

ಧನುರ್ಮಾಸ ಹುಟ್ಟಿತೆಂದರೆ ಮೈಸೂರಿನ ಹಳೆಯ ಬಡಾವಣೆಗಳು ಬೇಗನೆ ಎಚ್ಚರಗೊಳ್ಳುತ್ತವೆ. ಐದು ಗಂಟೆಗೆಲ್ಲ ಬಾಗಿಲುಗಳಲ್ಲಿ ಬೆಳಕು ಕಾಣಿಸುತ್ತದೆ. ಅಂಗಳಕ್ಕೆ ನೀರು ಚಿಮುಕಿಸುವ ಸದ್ದು ಕೇಳಿಸುತ್ತದೆ. ದೇವಸ್ಥಾನದ ಕಡೆಯಿಂದ ಹುಗ್ಗಿಯ ಮೆಣಸು ಜೀರಿಗೆಗಳ ಕಂಪು ಚಳಿಗಾಳಿಯೊಡನೆ ತೇಲಿಬರುತ್ತದೆ. ಈ ಮಾಸದಲ್ಲಿ ಒಂದು ಶುಕ್ರವಾರವಾದರೂ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಿಂದ ಹತ್ತಿ, ತಾಯಿಯ ದರ್ಶನವನ್ನು ಮಾಡಿಕೊಂಡು ಬರುವುದು ನಮಗೆ ಮೂವತ್ತು ವರ್ಷಗಳ ವಾಡಿಕೆ. ದೊಡ್ಡ ದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಕಟ್ಟಿಸಿದ ಆ ಸಾವಿರ ಮೆಟ್ಟಿಲುಗಳು ನಮ್ಮ ಕಾಲಿಗೆ ಕಂಠಪಾಠವಾಗಿದ್ದುವು. ಎಲ್ಲಿ ಕಲ್ಲು ನುಣುಪು, ಎಲ್ಲಿ ಮೆಟ್ಟಿಲು ಎತ್ತರ, ಎಲ್ಲಿ ಉಸಿರಾಡಿಕೊಳ್ಳಲು ಕಟ್ಟೆಯುಂಟು ಎಂಬುದನ್ನು ಕತ್ತಲಲ್ಲಿಯೂ ಹೇಳಬಲ್ಲವರಾಗಿದ್ದೆವು.

ಉದ್ಯೋಗದಿಂದ ನಿವೃತ್ತರಾದ ವರ್ಷವೇ ಬಲಮೊಣಕಾಲು ನಮ್ಮ ಮಾತನ್ನು ಕೇಳುವುದನ್ನು ಬಿಟ್ಟಿತು. ವೈದ್ಯರು ಚಿತ್ರಪಟವನ್ನು ಬೆಳಕಿಗೆ ಹಿಡಿದು ನೋಡಿ, “ಇನ್ನು ಮೆಟ್ಟಿಲು ಹತ್ತೋದು ಬೇಡ ಮೇಷ್ಟ್ರೆ. ಬೇಕಾದ್ರೆ ಸೈಕಲ್ ತುಳೀರಿ, ಅದ್ರಲ್ಲಿ ಮೈಭಾರವೆಲ್ಲ ಮಂಡಿ ಮೇಲೆ ಬೀಳಲ್ಲ,” ಎಂದರು. ಸೈಕಲ್ಲು ನಮಗೆ ಹೊಸದಲ್ಲ. ಪಾಠಶಾಲೆಗೆ ಹೋಗಿಬಂದುದೆಲ್ಲ ಅದರ ಮೇಲೆಯೇ. ಆದರೆ ಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗುವುದು ಇಪ್ಪತ್ತೈದರ ಪ್ರಾಯದಲ್ಲಿಯೇ ಏದುಸಿರಿನ ಕೆಲಸ. ಮಗನು ಕಾರಿನಲ್ಲಿ ಕರೆದೊಯ್ಯುತ್ತೇನೆಂದನು; ನಮ್ಮ ಮನೆಯವರು ಬಸ್ಸಿರುವಾಗ ಚಿಂತೆ ಏಕೆಂದರು. ಇಬ್ಬರ ಮಾತೂ ಸರಿಯೇ. ಆದರೆ ವ್ಯಾಕರಣವನ್ನು ಬೋಧಿಸಿ ಬದುಕಿದವರಿಗೆ ಒಂದು ಹಟವಿರುತ್ತದೆ. “ನಾನು ಬೆಟ್ಟಕ್ಕೆ ಹೋದೆನು” ಎಂಬುದು ಕರ್ತರಿ ಪ್ರಯೋಗ. “ನಾನು ಬೆಟ್ಟಕ್ಕೆ ಒಯ್ಯಲ್ಪಟ್ಟೆನು” ಎಂಬುದು ಕರ್ಮಣಿ ಪ್ರಯೋಗ. ಎರಡರಲ್ಲಿಯೂ ತಲುಪುವ ಸ್ಥಳ ಒಂದೇ ಆದರೂ ಕರ್ತೃ ಬೇರೆ. ನಮಗೆ ಇನ್ನೂ ಕೆಲವು ಕಾಲ ಕರ್ತೃಪದವನ್ನು ಬಿಡಲು ಮನಸ್ಸಾಗಲಿಲ್ಲ.

ವಿದ್ಯುಚ್ಛಕ್ತಿಯ ಸೈಕಲ್ಲಿನ ವಿಚಾರ ನಮ್ಮ ಮನೆಗೆ ಬಂದುದು ಹೀಗೆ. ಇದಕ್ಕೆ ನಾವು “ವಿದ್ಯುದ್ದ್ವಿಚಕ್ರಿಕೆ” ಎಂದು ಹೆಸರಿಟ್ಟು, ತಕಾರಕ್ಕೆ ದಕಾರವು ಆದೇಶವಾದುದು ಜಶ್ತ್ವಸಂಧಿಯಿಂದ ಎಂದು ಮೊಮ್ಮಗಳಿಗೆ ವಿವರಿಸಿದೆವು. ಅವಳು ಮೂರು ಸಲ ಹೇಳಲು ಯತ್ನಿಸಿ, ನಾಲಗೆ ತೊಡರಿ, “ತಾತ, ಇ-ಸೈಕಲ್ ಅಂದ್ರೆ ಸಾಕು,” ಎಂದಳು. ಹಾಗಾಗಿ ಈ ಲೇಖನದಲ್ಲಿ ವಿದ್ಯುತ್ ಸೈಕಲ್ಲು ಎಂದೇ ಕರೆಯುತ್ತೇವೆ.

ಇದು ಸ್ಕೂಟರಲ್ಲ. ಸಾಮಾನ್ಯ ಸೈಕಲ್ಲಿಗೆ ಒಂದು ಸಣ್ಣ ಮೋಟಾರನ್ನೂ ಒಂದು ಬ್ಯಾಟರಿಯನ್ನೂ ಕೂಡಿಸಿದರೆ ಆಗುವ ವಾಹನ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆಯಾಗಿದ್ದು, ವೇಗವು ಗಂಟೆಗೆ 25 ಕಿಲೋಮೀಟರನ್ನು ಮುಟ್ಟುವಷ್ಟರಲ್ಲಿ, ಅಥವಾ ಸವಾರನು ತುಳಿಯುವುದನ್ನು ನಿಲ್ಲಿಸಿದರೆ ಅದಕ್ಕೂ ಮೊದಲೇ, ಮೋಟಾರಿನ ನೆರವು ನಿಂತುಹೋಗುವಂತಿದ್ದು, ಬ್ಯಾಟರಿಯನ್ನು ಬಿಟ್ಟು ತೂಕವು 60 ಕಿಲೋ ಮೀರದಿದ್ದರೆ, ಅದು ಮೋಟಾರು ವಾಹನವೆನಿಸದು. ಒಳ್ಳೆಯ ಬ್ರೇಕೂ, ಮುಂದೆ ಬಿಳಿಯದೂ ಹಿಂದೆ ಕೆಂಪಿನದೂ ಆದ ಬೆಳಕು ಮರಳಿಸುವ ಬಿಲ್ಲೆಗಳೂ ಇರತಕ್ಕದ್ದು. ಇಷ್ಟಿದ್ದರೆ ರಿಜಿಸ್ಟ್ರೇಷನ್ ಇಲ್ಲ, ಲೈಸೆನ್ಸ್ ಇಲ್ಲ. ಇದಕ್ಕಿಂತ ಬಲವಾದ ಮೋಟಾರನ್ನು ಜೋಡಿಸಿ “ಲೈಸೆನ್ಸ್ ಬೇಡ” ಎಂದು ಮಾರುವವರೂ ಉಂಟು. ಅಪಘಾತವಾದ ದಿನ ಅಂತಹ ವಾಹನದ ಒಡೆಯನ ಗತಿ ಏನೆಂಬುದನ್ನು ಅವರು ಹೇಳುವುದಿಲ್ಲ.

ಮೊದಲ ಸೈಕಲ್ಲನ್ನು ನಾವು ಕೊಂಡುದು ಪೂರ್ಣವಾಗಿ ಅವಿವೇಕದಿಂದ. ಅಂಗಡಿಯವರು ವೇಗವನ್ನು ಹೇಳಿದರು, ಬಣ್ಣವನ್ನು ತೋರಿಸಿದರು, ಒಂದು ಸಲ ಚಾರ್ಜ್ ಮಾಡಿದರೆ ಐವತ್ತು ಕಿಲೋಮೀಟರು ಎಂದರು. ಹ್ಯಾಂಡಲಿನ ಹಿಡಿಯನ್ನು ತಿರುಗಿಸಿದರೆ ತುಳಿಯದೆಯೇ ಓಡುವುದನ್ನು ಕಂಡು ಬೆರಗಾಗಿ, ಅಂಗಡಿಯ ಮುಂದಿನ ಸಮತಲದ ರಸ್ತೆಯಲ್ಲಿ ನೂರು ಗಜ ಓಡಿಸಿ, ಹಣವನ್ನು ತೆತ್ತು ಬಂದೆವು. ಆ ಐವತ್ತು ಕಿಲೋಮೀಟರು ಯಾವ ತೂಕದ ಸವಾರನಿಗೆ, ಯಾವ ರಸ್ತೆಯಲ್ಲಿ ಎಂದು ಕೇಳಲಿಲ್ಲ. ವಿದ್ಯಾರ್ಥಿಯು ಲೆಕ್ಕದ ಉತ್ತರವನ್ನು ಮಾತ್ರ ಬರೆದು ದಾರಿಯನ್ನು ಬರೆಯದಿದ್ದರೆ ಅಂಕ ಕೊಡದವರು ನಾವು. ನಮ್ಮ ಸರದಿ ಬಂದಾಗ ಉತ್ತರಕ್ಕೇ ಮೂರು ವರ್ಷದ ಉಳಿತಾಯವನ್ನು ಕೊಟ್ಟುಬಿಟ್ಟೆವು.

ಆ ವರ್ಷದ ಧನುರ್ಮಾಸದಲ್ಲಿ ಒಂದು ಶುಕ್ರವಾರ ಬೆಟ್ಟಕ್ಕೆ ಹೊರಟೆವು. ಏರುವಾಗ ಮೋಟಾರು ಏದುತ್ತ ಬಿಸಿಯಾಗಿ, ಎರಡು ಕಡೆ ನಿಲ್ಲಿಸಿಕೊಳ್ಳಬೇಕಾಯಿತು, ಹೇಗೋ ತಲುಪಿದೆವು. ಸಂತೋಷಕ್ಕೆ ಪಾರವಿಲ್ಲ. ದರ್ಶನವಾಯಿತು, ಹುಗ್ಗಿಯ ಪ್ರಸಾದವನ್ನು ಡಬ್ಬಿಗೆ ಹಾಕಿಸಿಕೊಂಡು ಇಳಿಯತೊಡಗಿದೆವು. ಹಿಂದಿನ ರಾತ್ರಿಯ ಮಂಜಿನಿಂದ ರಸ್ತೆ ಮಳೆ ಬಂದಂತೆ ತೊಯ್ದಿದ್ದಿತು. ರಿಮ್ಮನ್ನು ಎರಡು ಕಡೆಯಿಂದ ಅದುಮುವ ರಬ್ಬರಿನ ಬ್ರೇಕುಗಳನ್ನು ಒಂದೇ ಸಮನೆ ಹಿಡಿದುಕೊಂಡು ಬಂದುದರಿಂದ ಅವು ಸವೆದೂ ಹೋಗಿ ಕಾದೂ ಹೋಗಿದ್ದುವೆಂಬುದು ನಮಗೆ ತಿಳಿಯಲಿಲ್ಲ. ಒಂದು ತಿರುವಿನಲ್ಲಿ ಬ್ರೇಕಿನ ಹಿಡಿ ಹ್ಯಾಂಡಲಿನವರೆಗೂ ಬಂದಿತು, ವೇಗ ಇಳಿಯಲಿಲ್ಲ. ಎಡಕ್ಕೆ ಬೆಟ್ಟದ ಮೈ, ಬಲಕ್ಕೆ ಇಳಿಜಾರು. ದೇವಿಯೇ ಬುದ್ಧಿ ಕೊಟ್ಟಳೋ ಹೆದರಿಕೆಯೇ ಕೊಟ್ಟಿತೋ, ಎಡಕ್ಕೆ ತಿರುಗಿಸಿ ಹುಲ್ಲುಪೊದೆಗೆ ನುಗ್ಗಿ ಬಿದ್ದೆವು. ಮೊಣಕೈ ತರಚಿತು, ಕನ್ನಡಕ ಒಡೆಯಿತು, ಪ್ರಸಾದದ ಡಬ್ಬಿ ಉರುಳುತ್ತ ಉರುಳುತ್ತ ರಸ್ತೆಯ ನಡುವೆ ನಿಂತಿತು. ಹೂವಿನ ಬುಟ್ಟಿಯನ್ನು ಮೋಪೆಡ್ಡಿನಲ್ಲಿಟ್ಟುಕೊಂಡು ಮೇಲಕ್ಕೆ ಹೋಗುತ್ತಿದ್ದ ಒಬ್ಬಾತನು ಇಳಿದು ಬಂದು, ನಮ್ಮನ್ನು ಎಬ್ಬಿಸಿ ಕೂರಿಸಿ, ಡಬ್ಬಿಯನ್ನು ಎತ್ತಿ ಒರಸಿ ಕೈಗೆ ಕೊಟ್ಟು, “ತಾಯಿ ದೊಡ್ಡೋಳು ಸ್ವಾಮಿ. ಆ ಕಡೀಕ್ ಬಿದ್ದಿದ್ರೆ ಹುಡ್ಕಕ್ಕೂ ಆಯ್ತಿರ್ನಿಲ್ಲ,” ಎಂದನು. ಆ ಮಾತು ಉತ್ಪ್ರೇಕ್ಷೆಯಲ್ಲ. 2021ರ ದೊಡ್ಡ ಮಳೆಯಲ್ಲಿ ನಂದಿಗೆ ಹೋಗುವ ರಸ್ತೆಯ ಅಂಚೇ ಕುಸಿದು ಇಳಿಜಾರಿಗೆ ಜಾರಿದುದನ್ನು ಊರೆಲ್ಲ ನೋಡಿದ್ದಿತು.

ಮನೆಯಲ್ಲಿ ಆದ ವಿಚಾರಣೆಯನ್ನು ವಿಸ್ತರಿಸುವುದಿಲ್ಲ. ತೀರ್ಪು ಎರಡು ಮಾತಿನದು: “ಸೈಕಲ್ ಮಾರಿಬಿಡಿ. ಬೆಟ್ಟಕ್ಕೆ ನಾನೂ ಬರ್ತೀನಿ, ಬಸ್ಸಲ್ಲಿ ಹೋಗೋಣ.” ಆಕೆಯ ಕಣ್ಣಿನಲ್ಲಿ ನೀರಿದ್ದುದರಿಂದ ಪ್ರತಿವಾದವನ್ನು ಮಾಡಲಿಲ್ಲ.

ಬಗ್ಗಿದ ಚಕ್ರವನ್ನು ನೆಟ್ಟಗೆ ಮಾಡಿಸಿಯಾದರೂ ಮಾರೋಣವೆಂದು ನಮ್ಮ ಹಳೆಯ ಶಿಷ್ಯನೊಬ್ಬನ ರಿಪೇರಿ ಅಂಗಡಿಗೆ ತಳ್ಳಿಕೊಂಡು ಹೋದೆವು. ಅವನಿಗೆ ಶಬ್ದರೂಪಗಳು ಎಂದೂ ಬಂದವನಲ್ಲ. ಯಂತ್ರಗಳ ರೂಪ ಮಾತ್ರ ಮುಟ್ಟಿದೊಡನೆ ಬರುತ್ತಿದ್ದಿತು. ಸೈಕಲ್ಲನ್ನು ಒಂದು ಸುತ್ತು ನೋಡಿ, “ಮೇಷ್ಟ್ರೆ, ನೀವು ಮೋಟ್ರು ನೋಡ್ಬಿಟ್ಟು ತಗೊಂಡಿದೀರಿ. ಬ್ರೇಕ್ ನೋಡ್ಬಿಟ್ಟು ತಗೋಬೇಕಾಗಿತ್ತು,” ಎಂದನು. ಮೂವತ್ತು ವರ್ಷ ನಾವು ಅವನಿಗೆ ಕೊಟ್ಟ ಯಾವ ಪಾಠವೂ ಇಷ್ಟು ಚಿಕ್ಕದಾಗಿಯೂ ಸರಿಯಾಗಿಯೂ ಇರಲಿಲ್ಲ. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಆತನಿಂದ ಕಲಿತುದು. ಲೆಕ್ಕ ಮಾತ್ರ ನಮ್ಮದು.

ಮೈಸೂರು ನಗರವು ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿದೆ. ಬೆಟ್ಟದ ತುದಿ 1,060 ಮೀಟರಿನಷ್ಟು. ಏರಬೇಕಾದುದು 300 ಮೀಟರು, ಹಳೆಯ ಲೆಕ್ಕದಲ್ಲಿ ಸಾವಿರ ಅಡಿ. ಸವಾರನೂ ಸೈಕಲ್ಲೂ ಸಾಮಾನೂ ಸೇರಿ 100 ಕಿಲೋ ಎಂದಿಟ್ಟುಕೊಳ್ಳಿ. ಈ ಭಾರವನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 82 ವಾಟ್-ಗಂಟೆ. ಇದು ನಮ್ಮ ಮನೆಗಳಲ್ಲಿ ಉರಿಯುವ 9 ವಾಟಿನ ಎಲ್‌ಇಡಿ ದೀಪವು ಒಂಬತ್ತು ಗಂಟೆಯಲ್ಲಿ ತಿನ್ನುವಷ್ಟು ವಿದ್ಯುತ್ತು. ಒಬ್ಬ ಸ್ಥೂಲಕಾಯದ ಉಪಾಧ್ಯಾಯನನ್ನು ಮಹಿಷಾಸುರನ ಬೊಂಬೆಯ ಬಳಿಗೆ ತಲುಪಿಸಲು ಒಂದು ರಾತ್ರಿಯ ದೀಪ ಸಾಕೆಂದರೆ ನಂಬುವುದು ಕಷ್ಟ. ಮೋಟಾರಿನಲ್ಲಿ ಬಿಸಿಯಾಗಿ ಹೋಗುವುದು, ಟೈರಿನ ಘರ್ಷಣೆ, ಗಾಳಿ, ಊರೊಳಗಿನ ದಾರಿ ಇವೆಲ್ಲವನ್ನೂ ಸೇರಿಸಿ ಇಮ್ಮಡಿ ಮಾಡಿಕೊಂಡರೂ 160 ಆಯಿತು. ಅದರಲ್ಲಿ ನಮ್ಮ ಕಾಲು ಕೊಡುವ ಪಾಲನ್ನು ಕಳೆಯಬೇಕು. ಬ್ಯಾಟರಿಯ ಮೇಲೆ 36 ವೋಲ್ಟ್, 10 ಆಂಪಿಯರ್-ಗಂಟೆ ಎಂದು ಬರೆದಿದ್ದರೆ ಒಂದನ್ನು ಇನ್ನೊಂದರಿಂದ ಗುಣಿಸಿ, ಅದರಲ್ಲಿ 360 ವಾಟ್-ಗಂಟೆ ಇದೆಯೆಂದು ತಿಳಿಯತಕ್ಕದ್ದು. ಅಂಗಡಿಯವರು ಹೇಳುವ ಕಿಲೋಮೀಟರುಗಳನ್ನು ಮರೆತು ಈ ಗುಣಾಕಾರವೊಂದನ್ನು ಮಾಡಿದರೆ ಬ್ಯಾಟರಿಯ ಯೋಗ್ಯತೆ ತಿಳಿಯುತ್ತದೆ. ಬರಿದಾದ ಇಂತಹ ಬ್ಯಾಟರಿಯನ್ನು ತುಂಬಿಸಲು ಅರ್ಧ ಯೂನಿಟ್ಟೂ ಬೇಡ. ಖರ್ಚು ಮೂರು ರೂಪಾಯಿಯ ಆಸುಪಾಸು.

ಏರುವಾಗ ಪಡೆದ ಈ ಶಕ್ತಿಯೆಲ್ಲ ಇಳಿಯುವಾಗ ಎಲ್ಲಿಗೆ ಹೋಗಬೇಕು? ಹೆಚ್ಚಿನ ಸೈಕಲ್ಲುಗಳ ಮೋಟಾರು ಅದನ್ನು ಬ್ಯಾಟರಿಗೆ ಮರಳಿಸಲಾರದು. ಸ್ವಲ್ಪವನ್ನು ಗಾಳಿ ನುಂಗುತ್ತದೆ, ಮಿಕ್ಕುದನ್ನೆಲ್ಲ ಬ್ರೇಕು ಶಾಖವನ್ನಾಗಿ ಮಾಡಿ ಕಳೆಯಬೇಕು. ಒಟ್ಟು ಶಾಖವು ಒಂದು ಲೀಟರು ತಣ್ಣೀರನ್ನು ಕುದಿಯ ಹತ್ತಿರಕ್ಕೆ ತರುವಷ್ಟು. ನಾಲ್ಕು ತುಂಡು ರಬ್ಬರಿಗೆ ಆ ಕೆಲಸವನ್ನು ಒಪ್ಪಿಸಿ ನಾವು ಪ್ರಸಾದದ ಡಬ್ಬಿಯೊಡನೆ ಇಳಿದಿದ್ದೆವು! ಬೆಟ್ಟ, ದಿಣ್ಣೆಗಳ ಊರಿನಲ್ಲಿರುವವರು ಎರಡು ಚಕ್ರಗಳಿಗೂ ಡಿಸ್ಕ್ ಬ್ರೇಕ್ ಇರುವುದನ್ನೇ ಕೊಳ್ಳಬೇಕು. ಬ್ರೇಕಿನ ಹಿಡಿಯನ್ನು ಅದುಮಿದೊಡನೆ ಮೋಟಾರಿಗೆ ವಿದ್ಯುತ್ತು ಕಡಿದುಹೋಗುವ ಏರ್ಪಾಡು ಇದೆಯೇ ಎಂಬುದನ್ನೂ ಚಕ್ರವನ್ನು ಎತ್ತಿ ತಿರುಗಿಸಿ ನೋಡಬೇಕು. ಇಳಿಯುವಾಗ ಬ್ರೇಕನ್ನು ಎಡೆಬಿಡದೆ ಸವರುತ್ತ ಬರದೆ, ತಿರುವಿಗೆ ಮುಂಚೆ ಬಲವಾಗಿ ಹಿಡಿದು ವೇಗವನ್ನಿಳಿಸಿ, ಆಮೇಲೆ ಬಿಟ್ಟು ತಣಿಯಲು ಅವಕಾಶ ಕೊಡಬೇಕು.

ಮೋಟಾರು ಎರಡು ಕಡೆ ಇರಬಹುದು. ಚಕ್ರದ ನಡುವಣ ಹಬ್ಬಿನಲ್ಲಿರುವುದು ಅಗ್ಗ; ನಮ್ಮಲ್ಲಿ ದೊರೆಯುವುದು ಹೆಚ್ಚಾಗಿ ಇದೇ. ಇದರಲ್ಲಿಯೂ ಒಳಗೆ ಹಲ್ಲುಗಾಲಿಗಳಿರುವ ಜಾತಿಯು ಏರಿಗೆ ಮೇಲು. ಹಲ್ಲುಗಾಲಿಯಿಲ್ಲದ್ದು ನಿಧಾನವಾಗಿ ಏರುವಾಗ ಬಿಸಿಯಾಗುತ್ತದೆ. ಪೆಡಲುಗಳ ನಡುವೆ ಕೂರುವ ಮೋಟಾರು ಸೈಕಲ್ಲಿನ ಗೇರುಗಳ ಮೂಲಕವೇ ಕೆಲಸ ಮಾಡುವುದರಿಂದ ಬೆಟ್ಟಕ್ಕೆ ಉತ್ತಮೋತ್ತಮ, ಬೆಲೆಯೂ ಹಾಗೆಯೇ. ಇದಕ್ಕಿಂತ ಮುಖ್ಯವಾದ ಭೇದ ಇನ್ನೊಂದಿದೆ. ಕೆಲವು ಸೈಕಲ್ಲುಗಳು ಪೆಡಲು ಸುತ್ತುತ್ತಿದೆಯೋ ಇಲ್ಲವೋ ಎಂಬುದನ್ನು ಮಾತ್ರ ನೋಡಿ ಮೋಟಾರನ್ನು ಓಡಿಸುತ್ತವೆ. ಕಾಲನ್ನು ಸುಮ್ಮನೆ ಆಡಿಸಿದರೂ ಪೂರ್ಣ ನೆರವು. ಮತ್ತೆ ಕೆಲವು ಸವಾರನು ಎಷ್ಟು ಬಲವಾಗಿ ತುಳಿಯುತ್ತಾನೆಂಬುದನ್ನು ಅಳೆದು ಅದಕ್ಕೆ ತಕ್ಕಂತೆ ನೆರವನ್ನು ಕೊಡುತ್ತವೆ. ಈ ಎರಡನೆಯದರಲ್ಲಿ ನಮ್ಮ ಕಾಲೇ ಹತ್ತು ವರ್ಷ ಹಿಂದಕ್ಕೆ ಹೋದಂತೆ ಭಾಸವಾಗುತ್ತದೆ. ಹಿಡಿಯನ್ನು ತಿರುಗಿಸಿದರೆ ತಾನೇ ಓಡುವ ಸೌಕರ್ಯ ನಮಗೆ ಹಿಡಿಸಲಿಲ್ಲ. ಅದು ಕರ್ಮಣಿ ಪ್ರಯೋಗ. ಕಾಲು ಸೋತ ದಿನ ಮನೆಗೆ ಮರಳಲು ಉಪಕಾರವಾದೀತೆಂದು ಇಟ್ಟುಕೊಳ್ಳುವವರನ್ನು ಹಳಿಯುವುದಿಲ್ಲ.

ಉಳಿದುದು ಸಾಮಾನ್ಯ ಬುದ್ಧಿ. ಸೀಟಿನ ಮೇಲೆ ಕುಳಿತಾಗ ಎರಡು ಮುಂಗಾಲುಗಳೂ ನೆಲಕ್ಕೆ ತಾಗಬೇಕು. ಅಡ್ಡಪಟ್ಟಿ ತಗ್ಗಾಗಿರುವುದು ಪಂಚೆಯವರಿಗೂ ಸೀರೆಯವರಿಗೂ ಹಿತ, ಮಂಡಿನೋವಿನವರಿಗೆ ಹಿತತರ. ಬ್ಯಾಟರಿಯನ್ನು ಬೀಗ ತೆಗೆದು ಕಳಚಿ ಒಳಗೆ ಒಯ್ಯುವಂತಿರಬೇಕು. ನಮ್ಮ ಮೊದಲ ಸೈಕಲ್ಲಿನಲ್ಲಿ ಅದು ಒಳಗೇ ಹುದುಗಿದ್ದುದರಿಂದ ಇಡೀ ಸೈಕಲ್ಲನ್ನೇ ಪಡಸಾಲೆಗೆ ಏರಿಸಬೇಕಾಗುತ್ತಿದ್ದಿತು. ಹಿಂದಿನ ಚಕ್ರ ಪಂಕ್ಚರಾದರೆ ಮೋಟಾರಿನ ತಂತಿಯನ್ನು ಬಿಡಿಸಿ ಚಕ್ರವನ್ನು ಕಳಚಬಲ್ಲವರು ಊರಿನಲ್ಲಿದ್ದಾರೆಯೇ ಎಂದು ಕೊಳ್ಳುವ ಮೊದಲು ವಿಚಾರಿಸಿ. ಅದಕ್ಕೂ ಮೊದಲು, ಬಹಳ ಕಾಲ ಸೈಕಲ್ಲನ್ನು ಬಿಟ್ಟಿದ್ದವರು ಸಾಮಾನ್ಯ ಸೈಕಲ್ಲಿನಲ್ಲಿ ನಾಲ್ಕು ದಿನ ಸುತ್ತಾಡಿ ಸಮತೋಲವನ್ನು ಪರೀಕ್ಷಿಸಿಕೊಳ್ಳುವುದು ಮೇಲು. ಬಾಡಿಗೆ ಸೈಕಲ್ಲು ಮೈಸೂರಿಗೆ ಅಪರಿಚಿತವಲ್ಲ. 2017ರಲ್ಲಿ ನಮ್ಮ ನಗರದಲ್ಲಿ 450 ಸೈಕಲ್ಲುಗಳೊಡನೆ “ಟ್ರಿಣ್ ಟ್ರಿಣ್” ಎಂಬ ಸಾರ್ವಜನಿಕ ವ್ಯವಸ್ಥೆ ಆರಂಭವಾದಾಗ ನಮ್ಮ ವಯಸ್ಸಿನ ಎಷ್ಟೋ ಮಂದಿ ಮರೆತಿದ್ದ ವಿದ್ಯೆಯನ್ನು ಮರಳಿ ಕಲಿತರು.

ಬ್ಯಾಟರಿಯ ವಿಷಯದಲ್ಲಿ ಗೃಹಸ್ಥರು ಎಚ್ಚರವಾಗಿರಬೇಕು. ಸೀಸದ ಬ್ಯಾಟರಿ ಅಗ್ಗವಾದರೂ ಭಾರ ಹೆಚ್ಚು, ಆಯುಸ್ಸು ಕಡಿಮೆ, ಲಿಥಿಯಮ್ಮಿನದೇ ವಾಸಿ. ಅದರೊಡನೆ ಬಂದ ಚಾರ್ಜರನ್ನಲ್ಲದೆ ಬೇರೆಯದನ್ನು ಹಚ್ಚಬಾರದು. ಎಲ್ಲರೂ ಮಲಗಿರುವಾಗ ಚಾರ್ಜಿಗೆ ಹಾಕಬಾರದು. ಹೊರಬಾಗಿಲ ದಾರಿಯಲ್ಲಿಯೂ ಅಡಿಗೆಮನೆಯಲ್ಲಿಯೂ ಹಾಸಿಗೆಗಳ ಪಕ್ಕದಲ್ಲಿಯೂ ಇಡಬಾರದು. ಪೆಟ್ಟುತಿಂದು ಉಬ್ಬಿದ ಅಥವಾ ನೀರಿನಲ್ಲಿ ಮುಳುಗಿದ ಬ್ಯಾಟರಿ ಬೆಂಕಿಗೆ ಹತ್ತಿರದ ನೆಂಟ. ಪ್ರತಿದಿನವೂ ನೂರಕ್ಕೆ ನೂರು ತುಂಬದೆ, ಪೂರ್ತಿ ಬರಿದೂ ಮಾಡದೆ, ಇಪ್ಪತ್ತರಿಂದ ಎಂಬತ್ತರವರೆಗೆ ಇಟ್ಟುಕೊಂಡರೆ ಹೆಚ್ಚು ವರ್ಷ ಬಾಳುತ್ತದೆ. ಬೆಟ್ಟದ ಹಿಂದಿನ ದಿನ ಮಾತ್ರ ಪೂರ್ತಿ ತುಂಬಬಹುದು. ಮಿತಾಹಾರದ ನಿಯಮ ಯಂತ್ರಕ್ಕೂ ಉಂಟೆಂದು ತಿಳಿದು ನಮಗೆ ಆಶ್ಚರ್ಯವಾಯಿತು.

ಚಳಿಗೆ ಈ ಬ್ಯಾಟರಿಗಳು ಸೊರಗುತ್ತವೆ. ಹಾಲೆಂಡಿನಲ್ಲಿ ಸಂಸಾರಸಹಿತನಾಗಿರುವ ನಮ್ಮ ಶಿಷ್ಯನೊಬ್ಬನು ಈ ವಿಚಾರವಾಗಿ ಬರೆದಿದ್ದನು. ಆ ದೇಶದಲ್ಲಿ ಈಚಿನ ವರ್ಷಗಳಲ್ಲಿ ಮಾರಾಟವಾಗುವ ಹೊಸ ಸೈಕಲ್ಲುಗಳಲ್ಲಿ ಅರ್ಧಕ್ಕೂ ಹೆಚ್ಚು ವಿದ್ಯುತ್ತಿನವೇ. ನೀರು ಹೆಪ್ಪುಗಟ್ಟುವ ಶೈತ್ಯದಲ್ಲಿ ಬ್ಯಾಟರಿಯ ಒಳಗಣ ರಾಸಾಯನಿಕ ಕ್ರಿಯೆ ಮಂದವಾಗಿ, ಸಾಗುವ ದೂರ ಐದರಲ್ಲಿ ಒಂದು ಪಾಲಿನಷ್ಟು ಕುಗ್ಗುವುದುಂಟು. ಅವನು ಬ್ಯಾಟರಿಯನ್ನು ಮನೆಯೊಳಗೇ ಇಟ್ಟುಕೊಂಡು ಹೊರಡುವ ಗಳಿಗೆಯಲ್ಲಿ ಜೋಡಿಸುತ್ತಾನೆ; ಮರಳಿದ ಮೇಲೆ ಅದು ಕೋಣೆಯ ಬೆಚ್ಚಗೆ ಬರುವವರೆಗೆ ಚಾರ್ಜಿಗೆ ಹಾಕುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವು ಒಳಗೆ ಪದರಗಟ್ಟಿ ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ನಮ್ಮ ಮೈಸೂರಿಗೆ ಆ ಭಯವಿಲ್ಲ. 2012ರ ಜನವರಿ 16ರಂದು ಇಲ್ಲಿ 7.7 ಡಿಗ್ರಿಗೆ ಇಳಿದುದೇ ದೊಡ್ಡ ಸುದ್ದಿ. ನಮ್ಮ ಮಾಗಿಯ ಶತ್ರು ಚಳಿಯಲ್ಲ, ಮಂಜು. ಅದು ಬ್ಯಾಟರಿಯನ್ನು ಬಿಟ್ಟು ಕಣ್ಣನ್ನೂ ರಸ್ತೆಯನ್ನೂ ಹಿಡಿಯುತ್ತದೆ.

ಆದಕಾರಣ ಎರಡನೆಯ ಸೈಕಲ್ಲಿಗೆ ಮಾಡಿಕೊಂಡ ಸಿದ್ಧತೆಯೆಲ್ಲ ಮಂಜನ್ನು ಕುರಿತದ್ದು. ಎರಡನೆಯದೆಂದರೆ ಓದುಗರು ಬೆರಗಾಗಬಹುದು, ತೀರ್ಪು ಬಂದಿದ್ದಿತಲ್ಲ! ಹತ್ತು ತಿಂಗಳು ನಾವು ಬಾಯಿ ಬಿಡಲಿಲ್ಲ. ಕೊನೆಗೆ ನಮ್ಮ ಮನೆಯವರೇ ಒಂದು ದಿನ ಕಾಫಿ ಲೋಟವನ್ನು ಇಡುತ್ತ, “ಬೆಟ್ಟದ ಕಡೆ ನೋಡ್ಕೊಂಡು ಕೂತ್ಕೋಬೇಡಿ. ಆ ಹುಡುಗನ ಅಂಗಡಿಗೆ ನಾನೂ ಬರ್ತೀನಿ, ಬ್ರೇಕ್ ನಾನು ನೋಡ್ತೀನಿ,” ಎಂದರು. ನೋಡಿಯೂ ನೋಡಿದರು. ಮೂರು ಸೈಕಲ್ಲುಗಳನ್ನು ಅಂಗಡಿಯ ಪಕ್ಕದ ದಿಣ್ಣೆಗೆ ಹತ್ತಿಸಿ ಇಳಿಸುವಂತೆ ಮಾಡಿ, ಕೆಳಗೆ ಒಂದು ಗೆರೆಯನ್ನೆಳೆದು, ಗೆರೆಯ ಹಿಂದೆ ನಿಂತುದನ್ನು ಆರಿಸಿದರು. ಹಳೆಯ ಸೈಕಲ್ಲನ್ನು ಶಿಷ್ಯನು ಅರ್ಧ ಬೆಲೆಗೆ ತೆಗೆದುಕೊಂಡನು, ಅದೂ ಅಭಿಮಾನಕ್ಕೆ.

ಮುಂದೆ ರಸ್ತೆಯ ಕಡೆಗೆ ಬಾಗಿಸಿಟ್ಟ ದೀಪ. ನೇರಕ್ಕೆ ಹಿಡಿದರೆ ಮಂಜು ಬಿಳಿಯ ಗೋಡೆಯಾಗಿ ಬೆಳಕನ್ನು ನಮ್ಮ ಕಣ್ಣಿಗೇ ಹಿಂದಿರುಗಿಸುತ್ತದೆ. ಹಿಂದೆ ಕೆಂಪು ದೀಪ. ನಮ್ಮ ಬಾಲ್ಯದಲ್ಲಿ ದೀಪವಿಲ್ಲದ ಸೈಕಲ್ಲನ್ನು ಪೊಲೀಸಿನವರು ಹಿಡಿಯುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದುದು ನೆನಪು. ಈಗ ಹಿಡಿಯುವವರಿಲ್ಲದ್ದರಿಂದ ನಾವೇ ಹಿಡಿದುಕೊಳ್ಳಬೇಕು. ಹೊಳೆಯುವ ಪಟ್ಟಿಯ ಮೇಲಂಗಿ, ಕೈಚೀಲ, ಹೆಲ್ಮೆಟ್ಟು. ಕಾನೂನು ಕೇಳದಿದ್ದರೂ ಹೆಲ್ಮೆಟ್ಟನ್ನು ಬಿಡಬಾರದು. ಕುಲಾವಿಯ ಮೇಲೆ ಹೆಲ್ಮೆಟ್ಟು ಸರಿಯಾಗಿ ಕೂರದು. ಮಫ್ಲರನ್ನು ಕತ್ತಿಗೆ ಮಾತ್ರ ಸುತ್ತಿ, ತುದಿಗಳನ್ನು ಅಂಗಿಯೊಳಗೆ ಸಿಕ್ಕಿಸಿ, ಹಿಂದಿನ ವಾಹನಗಳ ಸದ್ದಿಗಾಗಿ ಕಿವಿಯನ್ನು ತೆರೆದಿಡುವುದು ಒಳ್ಳೆಯದು. ಟೈರುಗಳಿಗೆ ಗಾಳಿಯನ್ನು ಬೇಸಗೆಗಿಂತ ತುಸು ಕಡಿಮೆ ಹಾಕಿಸಿದರೆ ಒದ್ದೆ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತವೆ. ಉದುರಿದ ಎಲೆಯ ಮೇಲೂ ರಸ್ತೆಗೆ ಬಳಿದ ಬಿಳಿಪಟ್ಟಿಯ ಮೇಲೂ ಬ್ರೇಕನ್ನು ಮುಟ್ಟಬಾರದು.

ಹೀಗೆ ಸಿದ್ಧರಾಗಿ, ಮರುವರ್ಷದ ಧನುರ್ಮಾಸದಲ್ಲಿ ಮತ್ತೊಂದು ಶುಕ್ರವಾರ, ಆರು ಗಂಟೆಗೆ ಚಾಮರಾಜಪುರದ ಮನೆಯನ್ನು ಬಿಟ್ಟೆವು. ಬೆಟ್ಟದಲ್ಲಿ ಚಿರತೆಗಳು ಕಾಣಿಸಿಕೊಳ್ಳುವುದುಂಟಾದ್ದರಿಂದ ಬೆಳಕಾಗುವ ಮೊದಲು ಅಲ್ಲಿಗೆ ಮುಟ್ಟುವುದು ಉಚಿತವಲ್ಲ. ಅರಮನೆಯ ಕೋಟೆಯ ಮಗ್ಗುಲಲ್ಲಿ ಹಾದಾಗ ಗೋಪುರಗಳು ಮಂಜಿನಲ್ಲಿ ಕರಗಿಹೋಗಿದ್ದುವು. ಶಿವನಸಮುದ್ರದ ಕಾವೇರಿಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು ಈ ನಗರಕ್ಕೆ 1908ರಲ್ಲಿ ಬಂದಿತು. ಅಂದು ದೀಪವನ್ನು ನೋಡಲು ಬೀದಿಯಲ್ಲಿ ನೆರೆದವರಿಗೆ, ಅದೇ ಶಕ್ತಿಯನ್ನು ಒಬ್ಬ ಮುದುಕನು ತೊಡೆಗಳ ನಡುವೆ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗುವನೆಂದು ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಮೃಗಾಲಯದ ಗೋಡೆಯ ಪಕ್ಕದಲ್ಲಿ ಸಾಗುತ್ತಿರುವಾಗ ಒಳಗಿನಿಂದ ಸಿಂಹದ ಗರ್ಜನೆ ಕೇಳಿಸಿತು. ದೇವಿಯ ಬಳಿಗೆ ಹೋಗುವವನಿಗೆ ದೇವಿಯ ವಾಹನದ ಅಪ್ಪಣೆ ದೊರೆತಂತಾಯಿತು.

ಲಲಿತಮಹಲಿನ ರಸ್ತೆ ವಿಶಾಲವಾದುದು. 1921ರಲ್ಲಿ ವೈಸರಾಯರಿಗಾಗಿ ಕಟ್ಟಿದ ಆ ಬಿಳಿಯ ಅರಮನೆ ಮಂಜಿನಲ್ಲಿ ಕಾಣದಿದ್ದರೂ ಅದರ ದಿಕ್ಕಿನಲ್ಲಿ ಮಂಜೇ ಸ್ವಲ್ಪ ಹೆಚ್ಚು ಬೆಳ್ಳಗಿರುವಂತೆ ತೋರಿತು. ಸಮತಲದಲ್ಲಿ ಮೋಟಾರನ್ನು ಆರಿಸಿ ಕಾಲಿನಿಂದಲೇ ಹೋದೆವು. ಶಕ್ತಿಯನ್ನು ಬೆಟ್ಟಕ್ಕೆ ಉಳಿಸಿಕೊಳ್ಳುವುದು ಒಂದು ಕಾರಣ, ಮೈ ಬೆಚ್ಚಗಾಗುವುದು ಇನ್ನೊಂದು. ತಾವರೆಕಟ್ಟೆಯಿಂದ ಏರು ಆರಂಭ. ಎರಡನೆಯ ಮೆಟ್ಟಿಲಿನ ನೆರವಿಗೆ ಗುಂಡಿಯನ್ನೊತ್ತಿ, ಸಣ್ಣ ಗೇರಿಗಿಳಿಸಿ ತುಳಿಯತೊಡಗಿದೆವು. ಹಿಂದಿನಿಂದ ಯಾರೋ ಬೆನ್ನಿಗೆ ಅಂಗೈಯನ್ನಿಟ್ಟು ಮೆಲ್ಲಗೆ ನೂಕುತ್ತಿದ್ದಾರೆಂಬ ಅನುಭವ. ಬಾಲ್ಯದಲ್ಲಿ ಸೈಕಲ್ಲು ಕಲಿಯುವಾಗ ತಂದೆಯವರು ಹಾಗೆ ನೂಕುತ್ತಿದ್ದರು. ಮೋಟಾರಿನ ಸದ್ದು ಜೇನುಹುಳುವಿಗಿಂತ ದೊಡ್ಡದಲ್ಲ. ಹಾಗಾಗಿ ಮರಗಳಿಂದ ಮಂಜುಹನಿ ತೊಟ್ಟಿಕ್ಕುವುದೂ, ಪೊದೆಯಲ್ಲಿ ಕೆಂಬೂತ ಕೂಗುವುದೂ, ನಮ್ಮ ಉಸಿರೂ ನಮಗೆ ಕೇಳುತ್ತಿದ್ದುವು. ನಾವು ಬಿದ್ದಿದ್ದ ತಿರುವು ಬಂದಿತು. ನಿಂತು ನೋಡಿದೆವು. ಹುಲ್ಲು ಮತ್ತೆ ಬೆಳೆದಿದ್ದಿತು.

ಅರ್ಧ ಗಂಟೆಯ ಮೇಲೆ ಒಂದು ಕಡೆ ತಟ್ಟನೆ ಮಂಜಿನಿಂದ ಹೊರಬಿದ್ದೆವು. ಮೇಲೆ ನೀಲಿ ಆಕಾಶ, ಎಳೆಬಿಸಿಲು. ಕೆಳಗೆ ಮೈಸೂರಿಲ್ಲ, ಹಾಲು ಉಕ್ಕಿ ನಿಂತಂತಿದ್ದ ಬಯಲಿನಲ್ಲಿ ಸಂತ ಫಿಲೋಮಿನಾ ಚರ್ಚಿನ ಅವಳಿ ಶಿಖರಗಳು ಮಾತ್ರ ಎರಡು ಸೂಜಿಗಳಂತೆ ಎದ್ದಿದ್ದುವು. ಮೆಟ್ಟಿಲಿನಲ್ಲಿ ಬಂದಿದ್ದರೆ ಈ ಹೊತ್ತಿಗೆ ನಂದಿಯ ಬಳಿ ಕುಳಿತು ಇದನ್ನೇ ನೋಡುತ್ತಿದ್ದೆವು. ಮೂವತ್ತು ವರ್ಷದ ನೋಟ ತಪ್ಪಿಹೋಗಲಿಲ್ಲ.

ದೇವಸ್ಥಾನದ ಏಳು ಅಂತಸ್ತಿನ ಗೋಪುರದ ಮುಂದೆ ನಮ್ಮ ಮನೆಯವರು ನಮಗಿಂತ ಮೊದಲೇ ಬಂದು ನಿಂತಿದ್ದರು. ಒಪ್ಪಂದ ಅದೇ ಆಗಿದ್ದಿತು: ನಾವು ಸೈಕಲ್ಲಿನಲ್ಲಿ, ಆಕೆ ಬಸ್ಸಿನಲ್ಲಿ. ಖರ್ಚಿನ ಲೆಕ್ಕವನ್ನು ನಾವು ಹೆಮ್ಮೆಯಿಂದ ಹೇಳಲು ತೊಡಗಿದಾಗ ಆಕೆ ನಡುವೆಯೇ ತಡೆದು, “ನಿಮಗೆ ಮೂರು ರೂಪಾಯಿ ಆಯ್ತು. ನನಗೆ ಅದೂ ಇಲ್ಲ,” ಎಂದರು. 2023ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿಗೆ ಹಣವಿಲ್ಲವೆಂಬುದು ಆ ಗಳಿಗೆಯಲ್ಲಿ ನಮಗೆ ಮರೆತಿದ್ದಿತು. ದರ್ಶನದ ತರುವಾಯ ಬಿಸಿಲಿನಲ್ಲಿ ಕುಳಿತು ಮನೆಯಿಂದ ತಂದಿದ್ದ ಹುಗ್ಗಿಯನ್ನು ತಿಂದೆವು. ಬ್ಯಾಟರಿಯ ಐದು ಗೆರೆಗಳಲ್ಲಿ ಮೂರು ಉಳಿದಿದ್ದುವು.

ಇಷ್ಟನ್ನು ಓದಿ ಬೇರೆ ದಾರಿಗಳಿಗೂ ಹೊರಡುವ ಉತ್ಸಾಹ ಬಂದವರಿಗೆ ಒಂದು ಮಾತು. ಶ್ರೀರಂಗಪಟ್ಟಣವೂ ಕೃಷ್ಣರಾಜಸಾಗರವೂ ಒಂದು ಚಾರ್ಜಿನಲ್ಲಿ ಹೋಗಿಬರಬಹುದಾದ ದೂರದಲ್ಲಿವೆ. ಆದರೆ ಬೆಂಗಳೂರಿನ ಹೊಸ ಹೆದ್ದಾರಿಯ ಮುಖ್ಯ ಮಾರ್ಗದಲ್ಲಿ 2023ರ ಆಗಸ್ಟಿನಿಂದ ದ್ವಿಚಕ್ರಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವೀಸ್ ರಸ್ತೆಯನ್ನೇ ಹಿಡಿಯಬೇಕು. ಆಷಾಢ ಶುಕ್ರವಾರಗಳಲ್ಲಿ ಬೆಟ್ಟದ ದಾರಿಯಲ್ಲಿ ಜನಸಂದಣಿಗಾಗಿ ಖಾಸಗಿ ವಾಹನಗಳನ್ನು ತಡೆಯುವುದುಂಟಾದ್ದರಿಂದ ಅಂದು ಸೈಕಲ್ಲಿನ ಯೋಚನೆಯೇ ಬೇಡ.

ಇಳಿಯುವಾಗ ಮೋಟಾರನ್ನು ಆರಿಸಿದೆವು. ಮಂಜು ಕರಗುತ್ತಿದ್ದಿತು, ರಸ್ತೆ ಇನ್ನೂ ಒದ್ದೆ. ತಿರುವಿಗೆ ಮುಂಚೆ ಹಿಡಿದು, ತಿರುವಿನಲ್ಲಿ ಬಿಟ್ಟು, ನೆಟ್ಟಗಿನ ದಾರಿ ಬಂದಲ್ಲಿ ಎರಡು ಸಲ ನಿಂತು ಡಿಸ್ಕುಗಳನ್ನು ತಣಿಯಬಿಟ್ಟೆವು. ಎರಡನೆಯ ಸಲ ನಿಂತಿರುವಾಗ ಆಕೆಯ ಬಸ್ಸು ನಮ್ಮನ್ನು ದಾಟಿ ಹೋಯಿತು. ಕಿಟಕಿಯಲ್ಲಿ ಕೈಯೊಂದು ಕಂಡಿತು. ಬೀಸಿತೋ, ನಿಧಾನವೆಂದು ಸೂಚಿಸಿತೋ ತಿಳಿಯಲಿಲ್ಲ.

ಮನೆಗೆ ಬಂದಾಗ ಬಾಗಿಲು ತೆರೆದೇ ಇದ್ದಿತು. ನಾವು ಬ್ಯಾಟರಿಯನ್ನು ಕಳಚಿಕೊಂಡು ಒಳಕ್ಕೆ ಹೋದೆವು. “ಎರಡು ಕಡೆ ನಿಂತ್ಕೊಂಡ್ರಾ?” ಎಂದು ಕೇಳಿದರು. ಹೌದೆಂದೆವು. ಚಾರ್ಜರಿಗೆ ಕೈಹಾಕಿದಾಗ ಆಕೆ ಗೋಡೆಯ ಗಡಿಯಾರವನ್ನು ನೋಡಿ, “ಈಗ್ಲೇ ಬೇಡ, ಬಿಸಿ ಇರತ್ತೆ. ಹತ್ತೂವರೆಗೆ ನಾನೇ ಹಾಕ್ತೀನಿ,” ಎಂದು ಅದನ್ನು ತೆಗೆದುಕೊಂಡು ಪಡಸಾಲೆಯ ಬರಿಯ ನೆಲದ ಮೇಲೆ, ಬಾಗಿಲಿಗೆ ದೂರವಾಗಿ ಇಟ್ಟರು.